ಸಾರಥ್ಯ ಮತ್ತು ಕರ್ತೃತ್ವ: ಚಾಲಕರಿಲ್ಲದ ವಾಹನದ ಧರ್ಮಪ್ರಶ್ನೆ

ಚಾಲಕನಿಲ್ಲದೆ ತಾನಾಗಿ ಓಡುವ ವಾಹನವನ್ನು ಕುರಿತ ಚರ್ಚೆ ಬಹುಮಟ್ಟಿಗೆ, ಯಂತ್ರವು ಮನುಷ್ಯನಷ್ಟು ಎಚ್ಚರದಿಂದ ಓಡಬಲ್ಲುದೇ ಎಂಬ ಪ್ರಶ್ನೆಯಿಂದ ಹೊರಟು, ಇಂದಲ್ಲದಿದ್ದರೆ ನಾಳೆ ಓಡೀತು ಎಂಬ ಉತ್ತರದಲ್ಲಿ ನಿಲ್ಲುತ್ತದೆ. ಅದು ಎಂಜಿನಿಯರುಗಳು ಅಳೆದು ತೂಗಿ ಹೇಳಬೇಕಾದ ಮಾತು. ಧರ್ಮಜಿಜ್ಞಾಸೆ ಕೇಳುವ ಪ್ರಶ್ನೆ ಅದರ ಪಕ್ಕದ್ದು. ವಾಹನವೊಂದು ಓಡಿ, ಆ ಓಟದಿಂದ ಒಬ್ಬರಿಗೆ ಒಳಿತೋ ಇನ್ನೊಬ್ಬರಿಗೆ ಕೆಡುಕೋ ಆದಾಗ, ಆ ಕ್ರಿಯೆ ಯಾರದ್ದು? ಭಾರತೀಯ ದರ್ಶನಗಳು ಕರ್ತೃತ್ವವೆಂದು ಹೆಸರಿಸಿ ನೂರಾರು ವರ್ಷ ವಾದಿಸಿದ ವಿಷಯ ಇದೇ ಆಗಿದೆ. ಕರ್ತೃತ್ವವೆಂದರೆ ಒಂದು ಕ್ರಿಯೆಯನ್ನು ತನ್ನದೆಂದು ಹೊತ್ತು, ಅದರ ಫಲಕ್ಕೂ ತಾನೇ ಬಾಧ್ಯನಾಗುವ ಸ್ಥಿತಿ. ಕ್ರಿಯೆಗೆ ನೆರವಾಗುವ ಸಾಧನವನ್ನು ಕರಣವೆಂದೂ, ಒಬ್ಬನಿಂದ ಕ್ರಿಯೆಯನ್ನು ಮಾಡಿಸುವವನನ್ನು ಪ್ರಯೋಜಕನೆಂದೂ ಶಾಸ್ತ್ರಗಳು ಬೇರ್ಪಡಿಸಿವೆ. ಸ್ವಯಂಚಾಲಿತ ವಾಹನವು ಈ ಮೂರರಲ್ಲಿ ಯಾವ ಸ್ಥಾನದಲ್ಲಿ ಕೂರುತ್ತದೆ ಎಂಬುದನ್ನು ತೀರ್ಮಾನಿಸದೆ ಅದಕ್ಕೆ ರಸ್ತೆಯನ್ನು ಬಿಟ್ಟುಕೊಡುವ ಊರು, ತನ್ನ ನ್ಯಾಯವ್ಯವಸ್ಥೆಯಲ್ಲಿ ಒಂದು ತೂತನ್ನು ಬಿಟ್ಟುಕೊಂಡಂತೆಯೇ ಸರಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಜನಕ್ಕೆ ಇದು ದೂರದ ಭವಿಷ್ಯದ ಮಾತಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಯಲ್ಲಿ. ಅಂದಿನಿಂದ ಈ ಸೀಮೆಯ ಪ್ರಯಾಣಿಕನು ತಾನು ನಡೆಸದ, ನಡೆಸುವವನ ಮುಖವನ್ನೂ ಕಾಣದ ವಾಹನಕ್ಕೆ ತನ್ನ ಜೀವವನ್ನು ಒಪ್ಪಿಸಿಕೊಂಡೇ ಬಂದಿದ್ದಾನೆ. ಲೋಕಲ್ ಗಾಡಿಯ ಮೋಟರ್‌ಮನ್ ಕೂಡ ಪೂರ್ಣ ಅರ್ಥದಲ್ಲಿ ಸ್ವತಂತ್ರನಲ್ಲ: ಅವನು ಹಿಡಿಯನ್ನು ಸತತವಾಗಿ ಒತ್ತಿ ಹಿಡಿದಿರದಿದ್ದರೆ ಗಾಡಿ ತಾನಾಗಿ ನಿಲ್ಲುತ್ತದೆ, ಕೆಂಪು ಸಿಗ್ನಲ್ಲನ್ನು ದಾಟಿದರೆ ಎಚ್ಚರಿಕೆಯ ಉಪಕರಣವು ಬ್ರೇಕನ್ನು ತಾನೇ ಹಾಕುತ್ತದೆ. ಮುಂಬಯಿ ಮೆಟ್ರೋದ 2ಎ ಮತ್ತು 7ನೆಯ ಮಾರ್ಗಗಳಿಗಾಗಿ ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆ ತಯಾರಿಸಿದ ಗಾಡಿಗಳು ಚಾಲಕನಿಲ್ಲದೆ ಓಡಬಲ್ಲ ವಿನ್ಯಾಸದವು. 2022ರಲ್ಲಿ ಸೇವೆ ಆರಂಭಿಸಿದಾಗ ಮಾತ್ರ ಅವುಗಳಲ್ಲಿ ಚಾಲಕರನ್ನು ಕೂರಿಸಲಾಗಿತ್ತು. ದೆಹಲಿಯ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್ 28ರಿಂದಲೇ ಇಂಥ ಓಡಾಟ ಆರಂಭವಾಯಿತು. ವಡಾಳಾದಿಂದ ಠಾಣೆಯ ಮೂಲಕ ಕಾಸರವಡವಲಿಗೆ ಹೋಗುವ ಮುಂಬಯಿ ಮೆಟ್ರೋದ 4ನೆಯ ಮಾರ್ಗದ ನಿಲ್ದಾಣಗಳಲ್ಲೊಂದು ವರ್ತಕ ನಗರಕ್ಕೆ ಹತ್ತಿರದ ಕ್ಯಾಡ್‌ಬರಿ ಜಂಕ್ಷನ್ನಿನಲ್ಲಿದೆ. ಚಾಲಕನಿರುವುದು, ಇಲ್ಲದಿರುವುದು ಎಂಬವು ಒಂದು ಗೆರೆಯ ಎರಡು ಬದಿಗಳಲ್ಲ, ಹಲವು ಮೆಟ್ಟಿಲುಗಳ ಏಣಿಯ ಎರಡು ತುದಿಗಳು. ಎಂಜಿನಿಯರುಗಳು ರಸ್ತೆಯ ವಾಹನಕ್ಕೆ ಸೊನ್ನೆಯಿಂದ ಐದರವರೆಗೆ ಆರು ಮಟ್ಟಗಳನ್ನು ಗುರುತಿಸಿರುವುದೂ ಈ ಕಾರಣದಿಂದಲೇ.

ರಥ ಮತ್ತು ಸಾರಥಿಯ ಹೋಲಿಕೆಯನ್ನು ಭಾರತೀಯ ಚಿಂತನೆ ಬಹು ಹಿಂದೆಯೇ ಬಳಸಿದೆ. ಕಠೋಪನಿಷತ್ತಿನ ಮೂರನೆಯ ವಲ್ಲಿಯಲ್ಲಿ ಯಮನು ನಚಿಕೇತನಿಗೆ ವಿವರಿಸುವಂತೆ, ದೇಹವೇ ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ, ಆತ್ಮನು ಆ ರಥದೊಳಗೆ ಕುಳಿತ ರಥಿ. ಸ್ವಯಂಚಾಲಿತ ಕಾರಿನ ಮೇಲೆ ಈ ಚಿತ್ರವನ್ನಿಟ್ಟು ನೋಡಿದರೆ ಅಚ್ಚರಿಯಾಗುವಷ್ಟು ಸಲೀಸಾಗಿ ಹೊಂದುತ್ತದೆ: ಕ್ಯಾಮೆರಾಗಳೂ ಲೇಸರ್ ಕಿರಣದಿಂದ ದೂರವನ್ನು ಅಳೆಯುವ ಲಿಡಾರ್ ಉಪಕರಣವೂ ಇಂದ್ರಿಯಗಳ ಕೆಲಸ ಮಾಡುತ್ತವೆ, ಚಕ್ರಕ್ಕೂ ಬ್ರೇಕಿಗೂ ಆಜ್ಞೆ ಒಯ್ಯುವ ತಂತಿಗಳು ಲಗಾಮಾಗುತ್ತವೆ, ಕಂಡದ್ದನ್ನು ಕೂಡಿ ಕಳೆದು ಮುಂದಿನ ನಡೆಯನ್ನು ನಿಶ್ಚಯಿಸುವ ಗಣಕವು ಬುದ್ಧಿಯ ಆಸನದಲ್ಲಿ ಕೂರುತ್ತದೆ. ಹೋಲಿಕೆ ಇಷ್ಟು ಸಲೀಸಾಗಿ ಹೊಂದುವಲ್ಲಿ ಸ್ವಲ್ಪ ಅನುಮಾನಪಡುವುದು ಲೇಸು. ಉಪನಿಷತ್ತಿನ ಸಾರಥಿಗೆ ರಥ ಎಲ್ಲಿಗೆ ಹೋಗಬೇಕೆಂಬ ಅರಿವಿದೆ. ಆ ಪಯಣದ ಕೊನೆಯನ್ನು ಅದು ವಿಷ್ಣುವಿನ ಪರಮಪದವೆಂದು ಹೇಳುತ್ತದೆ. ಗಣಕಕ್ಕೆ ತಲುಪಬೇಕಾದ ಸ್ಥಳ ಗೊತ್ತೇ ಹೊರತು ತಲುಪುವುದು ಏಕೆಂಬುದು ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಅದಕ್ಕೆ ಬಿದ್ದಿಲ್ಲ.

ಹಾಗಾದರೆ ಗಣಕಕ್ಕೆ ಬುದ್ಧಿಯೇ ಇಲ್ಲವೆನ್ನಬೇಕೇ? ಪಾಶ್ಚಾತ್ಯ ಜಗತ್ತು ಯಂತ್ರಕ್ಕೆ ಬುದ್ಧಿಯಿದೆ ಎಂದೊಡನೆ ಅದಕ್ಕೆ ಅರಿವೂ ಇರಬೇಕೆಂದು ಬೆಚ್ಚುವುದುಂಟು, ಏಕೆಂದರೆ ಅಲ್ಲಿನ ಪ್ರಬಲ ಪರಂಪರೆಯೊಂದು ಯೋಚಿಸುವುದನ್ನೂ ಚೇತನವಾಗಿರುವುದನ್ನೂ ಒಂದೇ ಎಂದು ಭಾವಿಸಿತು. ಸಾಂಖ್ಯರು ಹಾಗೆ ಭಾವಿಸಲಿಲ್ಲ. ಪ್ರಕೃತಿ ಮತ್ತು ಪುರುಷ ಎಂಬ ಎರಡು ಮೂಲತತ್ತ್ವಗಳನ್ನು ಒಪ್ಪುವ ಆ ದರ್ಶನದಲ್ಲಿ ಬುದ್ಧಿಯು ಜಡವಾದ ಪ್ರಕೃತಿಯ ಮೊದಲ ಪರಿಣಾಮ. ನಿಶ್ಚಯಿಸುವುದು ಅದರ ಕೆಲಸ, ಆದರೆ ಅರಿವಿನ ಬೆಳಕು ಅದರದ್ದಲ್ಲ, ಪುರುಷನದ್ದು. ನಿಶ್ಚಯಿಸುವ ಶಕ್ತಿಯಿದ್ದೂ ಚೈತನ್ಯವಿಲ್ಲದ ವಸ್ತುವೊಂದು ಇರಬಹುದೆಂಬ ಕಲ್ಪನೆ ಈ ನೆಲಕ್ಕೆ ಹೊಸದಲ್ಲದಿರುವುದರಿಂದ, ಯಂತ್ರವು ಲೆಕ್ಕ ಹಾಕಿ ತೀರ್ಮಾನಿಸುತ್ತದೆ ಎಂಬುದನ್ನು ಒಪ್ಪಿಕೊಂಡೂ ಅದನ್ನು ಕರ್ತನೆಂದು ಒಪ್ಪದಿರಲು ಇಲ್ಲಿ ಜಾಗವಿದೆ. ಆದರೆ ಸಾಂಖ್ಯದಲ್ಲಿ ಕರ್ತೃತ್ವವೆಲ್ಲ ಪ್ರಕೃತಿಗೆ ಸೇರಿ, ಪುರುಷನು ಬರಿಯ ಸಾಕ್ಷಿಯಾಗಿ ಉಳಿಯುತ್ತಾನೆ. ಅದನ್ನೇ ರಸ್ತೆಗೆ ಅನ್ವಯಿಸಿದರೆ ಹೊಣೆಗಾರಿಕೆ ಯಾರ ಮೇಲೂ ನಿಲ್ಲದೆ ಜಾರಿಹೋಗುತ್ತದೆ. ಆದ್ದರಿಂದ ಸಾಂಖ್ಯವು ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರಬಲ್ಲ ಸಂಗಾತಿ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದ ಈ ಜಾರುವಿಕೆಯನ್ನು ತಡೆಯುತ್ತದೆ. ಜೀವನು ಕರ್ತನೇ ಆಗಿರಬೇಕು, ಇಲ್ಲದಿದ್ದರೆ ಇದನ್ನು ಮಾಡು, ಇದನ್ನು ಮಾಡಬೇಡ ಎಂಬ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಇರುವುದಿಲ್ಲ ಎಂಬುದು ಅಲ್ಲಿಯ ವಾದ. ಆಜ್ಞೆಯನ್ನು ಯಾರು ಪಾಲಿಸಬಲ್ಲರೋ, ಮೀರಲೂ ಬಲ್ಲರೋ ಅವರಿಗೆ ಮಾತ್ರ ಆಜ್ಞೆ ಸಲ್ಲುತ್ತದೆ. ವೇಗದ ಮಿತಿಯನ್ನು ಮೀರದಂತೆ ಬರೆದಿಟ್ಟ ತಂತ್ರಾಂಶವು ನಿಯಮವನ್ನು ಪಾಲಿಸುತ್ತಿಲ್ಲ, ನಿಯಮದಂತೆ ನಡೆಯುತ್ತಿದೆ ಅಷ್ಟೆ. ಅದು ತಪ್ಪಿ ನಡೆದಾಗಲೂ ಮೀರಿದಂತಾಗುವುದಿಲ್ಲ, ಕೆಟ್ಟಂತಾಗುತ್ತದೆ. ಅದೇ ಪಾದದಲ್ಲಿ ಬಡಗಿಯ ಉದಾಹರಣೆ ಬರುತ್ತದೆ, ಅದನ್ನು ಭಾಷ್ಯಕಾರರು ಬೇರೆ ಬೇರೆ ದಾರಿಗೆ ತಿರುಗಿಸಿಕೊಂಡಿದ್ದಾರೆ. ಶಂಕರರ ಪ್ರಕಾರ ಬಡಗಿಯು ಬಾಚಿ ಮೊದಲಾದ ಸಾಧನಗಳನ್ನು ಹಿಡಿದಾಗ ಕರ್ತನಾಗಿ ದಣಿಯುತ್ತಾನೆ, ಅವನ್ನು ಬದಿಗಿಟ್ಟು ಮನೆಗೆ ಹೋದಾಗ ಸುಖಿಯಾಗುತ್ತಾನೆ. ಹಾಗೆಯೇ ಜೀವನ ಕರ್ತೃತ್ವವೂ ಉಪಾಧಿಯಿಂದ, ಅಂದರೆ ಮೇಲೆ ಬಂದು ಸೇರಿದ ಸಂಗತಿಗಳಿಂದ ಬಂದದ್ದು. ಮಧ್ವರು ಅದೇ ಬಡಗಿಯಲ್ಲಿ ಕಂಡದ್ದು ಬೇರೆ: ಕೆಲಸ ಮಾಡಿಸುವ ಯಜಮಾನನ ಅಧೀನದಲ್ಲಿದ್ದರೂ ಬಡಗಿಯು ತಾನೂ ಕರ್ತನೇ. ಸ್ವತಂತ್ರ ಕರ್ತೃತ್ವ ಭಗವಂತನೊಬ್ಬನದು, ಜೀವನದು ಪರಾಧೀನ ಕರ್ತೃತ್ವ. ಆದರೆ ಪರಾಧೀನವಾದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ.

ಮೋಕ್ಷಮಾರ್ಗದ ವಿಚಾರದಲ್ಲಿ ಈ ಎರಡರಲ್ಲಿ ಯಾವುದು ಸರಿಯೆಂಬ ವಾದ ಇಲ್ಲಿ ಅಪ್ರಸ್ತುತ. ಯಂತ್ರಯುಗದ ಹೊಣೆಗಾರಿಕೆಯನ್ನು ವಿವರಿಸಲು ಮಾತ್ರ ಮಧ್ವರ ನಿಲುವು ಹೆಚ್ಚು ಒದಗುತ್ತದೆ. ಸರಪಳಿಯ ಮೇಲಿನ ಕೊಂಡಿಯು ಕೆಳಗಿನ ಕೊಂಡಿಯ ಹೊಣೆಯನ್ನು ಅಳಿಸುವುದಿಲ್ಲ, ಕೆಳಗಿನ ಕೊಂಡಿ ಇದೆಯೆಂಬ ಕಾರಣಕ್ಕೆ ಮೇಲಿನದು ಪಾರಾಗುವುದೂ ಇಲ್ಲ. ವಾಹನ ತಯಾರಿಸಿದ ಕಂಪನಿ, ತಂತ್ರಾಂಶ ಬರೆದವರು, ಅದಕ್ಕೆ ಪರವಾನಗಿ ಕೊಟ್ಟ ಇಲಾಖೆ, ಅದನ್ನು ಬಾಡಿಗೆಗೆ ಬಿಟ್ಟ ಮಾಲೀಕ, ತುರ್ತು ಇಲ್ಲದೆಯೂ ವೇಗವಾಗಿ ಹೋಗುವ ಆಯ್ಕೆಯನ್ನು ಒತ್ತಿದ ಪ್ರಯಾಣಿಕ, ಇವರೆಲ್ಲರೂ ತಮ್ಮ ತಮ್ಮ ಅಳತೆಯಲ್ಲಿ ಕರ್ತರು. ವಾಹನ ಮಾತ್ರ ಕರಣ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ, ವಿಪ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ ಚಾಲಕರಹಿತ ಕಾರಿನ ಮಾದರಿಯನ್ನು ತೋರಿಸಿದಾಗ, ಮಧ್ವ ಪರಂಪರೆಯದೇ ಆದ ಉತ್ತರಾದಿ ಮಠದ ಸತ್ಯಾತ್ಮತೀರ್ಥ ಶ್ರೀಪಾದರು ಅದರಲ್ಲಿ ಕುಳಿತು ಸಾಗಿದ ದೃಶ್ಯ ಎಲ್ಲೆಡೆ ಹರಿದಾಡಿತು. ಸ್ವತಂತ್ರವಾಗಿ ಚಲಿಸುವುದು ಹರಿಯೊಬ್ಬನೇ ಎಂದು ಬೋಧಿಸುವ ಪೀಠದ ಯತಿಗಳು ತಾನಾಗಿ ಚಲಿಸುವ ಕಾರಿನಲ್ಲಿ ಕುಳಿತದ್ದನ್ನು ಕೆಲವರು ಚಮತ್ಕಾರವಾಗಿ ನೋಡಿದರು. ದ್ವೈತದ ದೃಷ್ಟಿಯಲ್ಲಿ ಅದರಲ್ಲಿ ವಿರೋಧವೇನೂ ಇಲ್ಲ. ಆ ಕಾರೂ ಅದಕ್ಕಾಗಿ ವರ್ಷಗಟ್ಟಲೆ ದುಡಿದ ಅಧ್ಯಾಪಕ–ವಿದ್ಯಾರ್ಥಿಗಳೂ ಸಮಾನವಾಗಿ ಅಸ್ವತಂತ್ರರು, ಆದರೆ ಅಧ್ಯಾಪಕ–ವಿದ್ಯಾರ್ಥಿಗಳಿಗೆ ವಿಧಿ ಸಲ್ಲುತ್ತದೆ, ಕಾರಿಗೆ ಸಲ್ಲುವುದಿಲ್ಲ.

ಈ ಭೇದವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಿದರ್ಶನವಿದೆ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಉಬರ್ ಕಂಪನಿಯ ಪರೀಕ್ಷಾರ್ಥ ಸ್ವಯಂಚಾಲಿತ ಕಾರು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿದು ಅವರು ಸತ್ತರು. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು 2019ರಲ್ಲಿ ತೀರ್ಮಾನಿಸಿದರು. ಕೊನೆಗೆ ಅಪರಾಧ ಒಪ್ಪಿಕೊಂಡು ಶಿಕ್ಷೆಗೆ ಒಳಗಾದದ್ದು, ಎಚ್ಚರಿಕೆಗಾಗಿ ಆ ಕಾರಿನಲ್ಲಿ ಕೂರಿಸಿದ್ದ ನೌಕರರೊಬ್ಬರು ಮಾತ್ರ. ಆ ನೌಕರರ ಗಮನ ರಸ್ತೆಯ ಮೇಲಿರಲಿಲ್ಲ ಎಂಬುದು ನಿಜ. ಆದರೆ ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವಾಗ ಮನುಷ್ಯನ ಗಮನ ಸಡಿಲವಾಗುವುದು ಸ್ವಭಾವವೆಂದು ತಿಳಿದೂ, ಸಡಿಲವಾಗದಿರುವುದನ್ನೇ ಅವನ ಏಕೈಕ ಕರ್ತವ್ಯವಾಗಿಸಿ ಕೂರಿಸಿದ ಪ್ರಯೋಜಕರ ಪಾಲನ್ನು ಆ ತೀರ್ಪು ತೂಗಲಿಲ್ಲ. ಹೊಣೆ ಹಂಚಿಹೋದಾಗ ಅದು ತೆಳುವಾಗಿ ಎಲ್ಲರ ಮೇಲೂ ಹರಡುವುದಿಲ್ಲ, ಸರಪಳಿಯ ತೀರಾ ಕೆಳಗಿನ, ತೀರಾ ಬಡ ಕೊಂಡಿಯ ಮೇಲೆ ಬಂದು ನಿಲ್ಲುತ್ತದೆ.

ಪಶ್ಚಿಮದ ನೀತಿಶಾಸ್ತ್ರಜ್ಞರು ಇದೇ ವಿಷಯವನ್ನು ಚರ್ಚಿಸುವಾಗ ಫಿಲಿಪ್ಪಾ ಫುಟ್ 1967ರಲ್ಲಿ ಮುಂದಿಟ್ಟ ಟ್ರಾಲಿಯ ಸಮಸ್ಯೆಗೆ ಮತ್ತೆ ಮತ್ತೆ ಮರಳುತ್ತಾರೆ: ನಿಯಂತ್ರಣ ತಪ್ಪಿದ ಗಾಡಿಯನ್ನು ಐವರ ಮೇಲೆ ಹರಿಯಬಿಡಬೇಕೇ, ಒಬ್ಬನ ಮೇಲೆ ತಿರುಗಿಸಬೇಕೇ? 2018ರಲ್ಲಿ ಪ್ರಕಟವಾದ ಮಾರಲ್ ಮಷಿನ್ ಎಂಬ ಅಧ್ಯಯನವು ಇಂಥ ಕಲ್ಪಿತ ಸಂದರ್ಭಗಳನ್ನು ಜಗತ್ತಿನಾದ್ಯಂತ ಜನರ ಮುಂದಿಟ್ಟು, ಸುಮಾರು 4 ಕೋಟಿ ಉತ್ತರಗಳನ್ನು ಕೂಡಿಹಾಕಿತು. ಅದರ ಶ್ರಮ ದೊಡ್ಡದು, ಪ್ರಶ್ನೆ ಮಾತ್ರ ಕಿರಿದು. ಅಪಘಾತದ ಕೊನೆಯ ಕ್ಷಣವೊಂದನ್ನೇ ನೀತಿಯ ಜಾಗವೆಂದು ಬಗೆದರೆ, ಆ ಕ್ಷಣಕ್ಕೆ ಮೊದಲು ಫುಟ್‌ಪಾತ್ ಇಲ್ಲದ ರಸ್ತೆ ಕಟ್ಟಿದವರೂ, ವೇಗವನ್ನು ನಿಗದಿ ಮಾಡಿದವರೂ ಚಿತ್ರದಿಂದಲೇ ಮರೆಯಾಗುತ್ತಾರೆ. ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮಕ್ಕೆ ಅಧಿಷ್ಠಾನ, ಕರ್ತ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಹೇಳಿ, ಒಬ್ಬನನ್ನೇ ಕರ್ತನೆಂದು ನೋಡುವವನು ಸರಿಯಾಗಿ ನೋಡುತ್ತಿಲ್ಲ ಎನ್ನುತ್ತದೆ. ಅಧಿಷ್ಠಾನವೆಂದರೆ ಕ್ರಿಯೆಗೆ ನೆಲೆಯಾದದ್ದು. ಭಾಷ್ಯಕಾರರು ಅದನ್ನು ದೇಹವೆಂದು ಅರ್ಥೈಸಿದ್ದಾರೆ; ವಾಹನದ ಮಟ್ಟಿಗೆ ಅದನ್ನು ರಸ್ತೆಯವರೆಗೆ ಹಿಗ್ಗಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಈ ಐದರ ಲೆಕ್ಕವನ್ನು ಅರಿಯಲು ಡೊಂಬಿವಲಿಯವರು ಅರಿಜೋನಾದತ್ತ ನೋಡಬೇಕಿಲ್ಲ. 2025ರ ಜೂನ್ 9ರ ಬೆಳಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಬಿದ್ದು, ಕನಿಷ್ಠ ನಾಲ್ವರು ಪ್ರಾಣ ಕಳೆದುಕೊಂಡರು. ಎರಡು ಗಾಡಿಗಳಲ್ಲೂ ಮೋಟರ್‌ಮನ್ ಇದ್ದರು. ಸತ್ತವರು ಬಾಗಿಲಲ್ಲಿ ನಿಂತದ್ದು ಅವರದೇ ಆಯ್ಕೆಯೆಂದು ಹೇಳುವವರು, ಬೆಳಗಿನ ಹೊತ್ತಿನ ಫಾಸ್ಟ್ ಗಾಡಿಯಲ್ಲಿ ಬಾಗಿಲಲ್ಲದೆ ಬೇರೆಲ್ಲಿ ನಿಲ್ಲಬಹುದಿತ್ತೆಂದೂ ಹೇಳಬೇಕಾಗುತ್ತದೆ. ಆ ಬಳಿಕ ರೈಲ್ವೆ ಇಲಾಖೆ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲನ್ನು ಅಳವಡಿಸುವುದಾಗಿ ಪ್ರಕಟಿಸಿತು. ಇಲ್ಲಿ ಸ್ವಯಂಚಾಲನೆಯು ಕರುಣೆಯ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಒಳಗಿನ ಜನಸಾಂದ್ರತೆ ಕರಗದೆ ಬಾಗಿಲಷ್ಟೇ ಮುಚ್ಚಿದರೆ, ಹತ್ತಲಾರದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದವನ ಕೂಲಿ ಕಳೆದುಹೋದದ್ದಕ್ಕೆ ಕರ್ತ ಯಾರೆಂಬ ಪ್ರಶ್ನೆ ಹೊಸದಾಗಿ ಏಳುತ್ತದೆ.

ಯಂತ್ರದ ಪರವಾದ ವಾದ ಬಲವಾದದ್ದೇ ಆಗಿದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವುಗಳಲ್ಲಿ ಹತ್ತಕ್ಕೆ ಏಳರಷ್ಟು ಸಾವುಗಳಿಗೆ ಅತಿವೇಗವನ್ನು ಕಾರಣವೆಂದು ದಾಖಲಿಸಲಾಗಿದೆ. ಕುಡಿಯದ, ತೂಕಡಿಸದ, ಹಟಕ್ಕೆ ಬೀಳದ ಯಂತ್ರವು ಇವರಲ್ಲಿ ಕೆಲವರನ್ನಾದರೂ ಉಳಿಸುವುದಾದರೆ, ಅದನ್ನು ತಡೆಯುವುದೂ ಒಂದು ಕರ್ಮವೇ, ಅದಕ್ಕೂ ಫಲವಿದೆ. ಅಹಿಂಸೆಯನ್ನು ಪರಮಧರ್ಮವೆನ್ನುವವರು ಈ ಲೆಕ್ಕವನ್ನು ಕಡೆಗಣಿಸಿ ಯಂತ್ರವನ್ನು ಬರಿದೇ ಹಳಿಯುವಂತಿಲ್ಲ.

ಇನ್ನೊಂದು ತಕ್ಕಡಿಯಲ್ಲಿ ಇರುವುದು ಚಾಲಕರ ಕಾಯಕ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲೂ ಮತ್ತೆ 2023ರಲ್ಲೂ, ಚಾಲಕರ ಉದ್ಯೋಗ ಹೋಗುವುದರಿಂದ ಚಾಲಕರಹಿತ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲವೆಂದು ಹೇಳಿದ್ದಾರೆ. ಠಾಣೆ ಸ್ಟೇಷನ್ನಿನ ಹೊರಗೆ ಸಾಲುಗಟ್ಟುವ ಶೇರ್ ರಿಕ್ಷಾಗಳು, ನ್ಹಾವಾ ಶೇವಾ ಬಂದರಿನಿಂದ ಘೋಡ್‌ಬಂದರ್ ರಸ್ತೆಯ ಮೂಲಕ ಗುಜರಾತಿನತ್ತ ಸಾಗುವ ಕಂಟೇನರ್ ಲಾರಿಗಳು, ಭಿವಂಡಿಯ ಗೋದಾಮುಗಳಿಂದ ಹೊರಡುವ ಟೆಂಪೋಗಳು ಎಷ್ಟು ಮನೆಗಳ ಒಲೆ ಉರಿಸುತ್ತಿವೆ ಎಂಬುದನ್ನು ಬಲ್ಲವರಿಗೆ ಈ ಕಾಳಜಿ ಅರ್ಥವಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು, ಅಂದರೆ ಮೈಮುರಿದು ಮಾಡುವ ದುಡಿಮೆಯನ್ನು, ಸಾಧನೆಯ ಮಾರ್ಗವೆಂದೇ ಎಣಿಸಿದವರು. ದೋಣಿ ನಡೆಸಿ ಜನರನ್ನು ಹೊಳೆ ದಾಟಿಸುತ್ತಿದ್ದ ಅಂಬಿಗರ ಚೌಡಯ್ಯನ ಹೆಸರಿನೊಂದಿಗೇ ಅವನ ವೃತ್ತಿ ಸೇರಿಕೊಂಡಿತ್ತು. ಆದರೆ ಕಾಯಕದ ಹೆಸರಿನಲ್ಲಿ ಯಾವ ದುಡಿಮೆಯೂ ಎಂದೂ ಬದಲಾಗಬಾರದೆಂದು ವಾದಿಸುವುದು ಶರಣರಿಗೆ ಮಾಡುವ ನ್ಯಾಯವಲ್ಲ. ಅವರು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದ್ದಾರೆ. ದಾಸೋಹವೆಂದರೆ ದುಡಿದು ಬಂದುದನ್ನು ಸಮಾಜಕ್ಕೆ ಸಲ್ಲಿಸಿ ಹಂಚಿಕೊಳ್ಳುವ ವ್ರತ. ಒಬ್ಬ ಚಾಲಕನ ಕೂಲಿಯನ್ನು ಉಳಿಸಿದ ಯಂತ್ರದಿಂದ ಬಂದ ಲಾಭ ಯಾರ ಕೈಸೇರುತ್ತದೆ, ಅದರಲ್ಲಿ ಆ ಚಾಲಕನ ಮನೆಗೆ ಪಾಲಿದೆಯೇ ಎಂಬುದು ಕಾಯಕದ ಪ್ರಶ್ನೆಗಿಂತ ದಾಸೋಹದ ಪ್ರಶ್ನೆ. ಸಚಿವರ ನಿಷೇಧ ಅದಕ್ಕೆ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನು ಮುಂದಕ್ಕೆ ದೂಡುತ್ತದೆ.

ಚಾಲಕನು ಇಳಿದುಹೋದ ಮೇಲೂ ಸಾರಥ್ಯ ಎಲ್ಲಿಗೂ ಹೋಗುವುದಿಲ್ಲ, ಕಣ್ಣಿಗೆ ಕಾಣದ ದೂರಕ್ಕೆ ಸರಿಯುತ್ತದೆ. ಸಾರಥಿಯೆಂದೊಡನೆ ಅರ್ಜುನನ ರಥದ ಕೃಷ್ಣನನ್ನು ನೆನೆಯುವ ರೂಢಿಯಿದೆ. ಈ ಸಂದರ್ಭಕ್ಕೆ ಹೆಚ್ಚು ಒಪ್ಪುವವನು ಕರ್ಣನ ರಥದ ಶಲ್ಯ. ಅವನ ಕೌಶಲದಲ್ಲಿ ಕೊರತೆಯಿರಲಿಲ್ಲ, ಕುದುರೆಗಳ ವಿದ್ಯೆಯಲ್ಲಿ ಕೃಷ್ಣನಿಗೆ ಸಮನೆಂದೇ ದುರ್ಯೋಧನನು ಅವನನ್ನು ಒಪ್ಪಿಸಿದ್ದ; ಆದರೆ ಕರ್ಣನ ಎದೆಗುಂದಿಸುವೆನೆಂದು ಯುಧಿಷ್ಠಿರನಿಗೆ ಅವನು ಮೊದಲೇ ಮಾತು ಕೊಟ್ಟಿದ್ದ. ಕನ್ನಡದ ಕರ್ಣಪರ್ವದಲ್ಲೂ ಯಕ್ಷಗಾನದ ಪ್ರಸಂಗದಲ್ಲೂ ಶಲ್ಯನು ಮಾತಿಗೆ ಮಾತು ಬೆಳೆದು ಯುದ್ಧದ ನಡುವೆಯೇ ರಥವನ್ನಿಳಿದು ಹೊರಟುಹೋಗುತ್ತಾನೆ. ಗಣಕದ ಸಾರಥಿಗೂ ಬೇರೆಡೆ ಕೊಟ್ಟ ಮಾತುಗಳಿರುತ್ತವೆ: ಪ್ರಯಾಣಿಕನ ಓಡಾಟದ ವಿವರವನ್ನು ಯಾರಿಗೆ ಮಾರಬೇಕು, ಯಾವ ಅಂಗಡಿಯ ಮುಂದಿನಿಂದ ಹಾದುಹೋಗಬೇಕು, ಯಾವ ಬಡಾವಣೆಗೆ ಸೇವೆ ಕೊಡದಿದ್ದರೆ ಲಾಭ ಎಂಬವನ್ನು ಅದಕ್ಕೆ ಕಲಿಸುವವನು ಒಳಗೆ ಕುಳಿತ ರಥಿಯಲ್ಲ. ರಥವನ್ನಿಳಿದು ಹೋದ ಸಾರಥಿಯೂ ಆಧುನಿಕ ಕಾಲದಲ್ಲಿ ಸಿಗುತ್ತಾನೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2023ರ ಅಕ್ಟೋಬರ್‌ನಲ್ಲಿ ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯೊಂದು, ಬೇರೊಂದು ವಾಹನ ಬಡಿದು ತನ್ನ ಮುಂದೆ ಬಿದ್ದ ಪಾದಚಾರಿಯನ್ನು ಎಳೆದುಕೊಂಡು ಹೋದ ಬಳಿಕ ಅದರ ಪರವಾನಗಿ ಅಮಾನತಾಯಿತು. 2024ರ ಡಿಸೆಂಬರ್‌ನಲ್ಲಿ ಕ್ರೂಸ್‌ನ ಒಡೆತನ ಹೊಂದಿದ್ದ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಉದ್ಯಮವನ್ನೇ ಕೈಬಿಟ್ಟಿತು. ಒಂದು ಊರು ತನ್ನ ಓಡಾಟವನ್ನು ಇಂಥ ಸೇವೆಯೊಂದಕ್ಕೇ ಒಪ್ಪಿಸಿ, ರಿಕ್ಷಾ ಸ್ಟ್ಯಾಂಡುಗಳು ಖಾಲಿಯಾಗಿ, ಪಾಲಿಕೆಯ ಬಸ್ಸುಗಳು ಇಳಿಮುಖವಾದ ಮೇಲೆ ಸಾರಥಿ ಹೀಗೆ ಇಳಿದು ಹೋದರೆ, ನೆಲ ಕಚ್ಚಿದ ಚಕ್ರವನ್ನು ಎತ್ತುವ ಕೆಲಸ ಊರಿನವರ ಪಾಲಿಗೇ ಉಳಿಯುತ್ತದೆ.

ರಸ್ತೆಯ ಸ್ವರೂಪವನ್ನೂ ಇಲ್ಲಿ ಮರೆಯಲಾಗದು. ಗೋಕುಲಾಷ್ಟಮಿಯಂದು ದಹಿಹಂಡಿಯ ಗೋವಿಂದರ ತಂಡಗಳು ವರ್ತಕ ನಗರದಲ್ಲಿ ಮನುಷ್ಯರ ಗೋಪುರ ಕಟ್ಟುವಾಗ, ಗಣಪತಿಯ ವಿಸರ್ಜನೆಗೆ ಉಪವನ ಕೆರೆಯತ್ತ ಜನ ಹೊರಟಾಗ, ರಸ್ತೆ ವಾಹನದ ಸೊತ್ತಾಗಿರುವುದಿಲ್ಲ. ಡೋಲಿನ ಸದ್ದು ಕೇಳಿಯೇ ರಿಕ್ಷಾದವನು ಗಲ್ಲಿ ಬದಲಿಸುತ್ತಾನೆ. ಯಂತ್ರವು ಇದನ್ನು ಕಲಿಯಲಾರದೆಂದೇನಲ್ಲ; ಕಲಿಯುವ ಕಷ್ಟವನ್ನು ತಪ್ಪಿಸಲು ರಸ್ತೆಗೆ ಬೇಲಿ ಹಾಕಿ ಜನರನ್ನು ಹೊರಗಿಡಿರೆಂದು ಅದರ ಒಡೆಯರು ಕೇಳುವ ಸಂಭವವೇ ಹೆಚ್ಚು, ಹಾಗೆ ಕೇಳಿದ ದಿನ ಪಾಲಿಕೆ ಇಲ್ಲವೆನ್ನಬೇಕು. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಸ್ಟೀರಿಂಗಿಗೆ ಕುಂಕುಮ ಹಚ್ಚುವ ಚಾಲಕನು ಕರಣವನ್ನು ಗೌರವಿಸುತ್ತಾನೆ, ಮರುದಿನ ಅದರಿಂದ ಆಗುವ ಕ್ರಿಯೆಗೆ ತಾನೇ ಬಾಧ್ಯನೆಂಬುದನ್ನೂ ಬಲ್ಲ. ಸ್ಟೀರಿಂಗೇ ಇಲ್ಲದ ವಾಹನಕ್ಕೂ ಪೂಜೆ ಸಲ್ಲುವುದರಲ್ಲಿ ಬಾಧಕವಿಲ್ಲ, ಪೂಜಿಸಿದವನಿಗೆ ಬಾಧ್ಯತೆಯೂ ಇದ್ದರೆ.

1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ಅಪಘಾತವಾದಾಗ ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವ ಕರ್ತವ್ಯವನ್ನು ವಾಹನದ ಚಾಲಕ ಅಥವಾ ಅದರ ಹೊಣೆ ಹೊತ್ತ ವ್ಯಕ್ತಿಯ ಮೇಲೆ ಹೊರಿಸಿದೆ. ಇದು ವಿಧಿಯೆಂಬುದರ ಶುದ್ಧ ಮಾದರಿ: ಬಿದ್ದವನನ್ನು ಎತ್ತು ಎಂದು ಅದು ಒಬ್ಬ ಮನುಷ್ಯನಿಗೆ ಹೇಳುತ್ತದೆ, ಎತ್ತದೆ ಓಡಿಹೋಗಬಲ್ಲವನಿಗೆ ಹೇಳುತ್ತದೆ. ಘೋಡ್‌ಬಂದರ್ ರಸ್ತೆಯಲ್ಲಾಗಲಿ ಪಾಮ್ ಬೀಚ್ ರಸ್ತೆಯಲ್ಲಾಗಲಿ ಚಾಲಕನಿಲ್ಲದ ಮೊದಲ ವಾಹನ ಓಡುವುದಕ್ಕೆ ಮುನ್ನ, ಆ ಕಲಮಿನಲ್ಲಿ ಚಾಲಕನ ಜಾಗಕ್ಕೆ ಯಾವ ಕಂಪನಿಯ ಯಾವ ಪದಾಧಿಕಾರಿಯ ಹೆಸರು ಬರುತ್ತದೆ ಎಂಬುದನ್ನು ಸಂಸತ್ತು ಬರೆದಿಡಬೇಕು. ಠಾಣೆ–ಕಲ್ಯಾಣದ ನಾಗರಿಕರು ತಮ್ಮ ಪ್ರತಿನಿಧಿಗಳನ್ನು ಮೊದಲು ಕೇಳಬೇಕಾದುದು ಇದನ್ನೇ.